ನೆಲದ ಮೇಲಿನ ಗಾಳಿಯನ್ನು ಓದುವುದು ಹೇಗೆ: ನಾಲ್ಕು ದಾರ, ಎರಡು ಉಷ್ಣಮಾಪಕ, ಒಂದು ಬೆಳಗು

ಹವಾಮಾನ ಉಪಕರಣಗಳನ್ನು ಹೊತ್ತ 30 ಮೀಟರ್ ಎತ್ತರದ ಒಂದು ಟವರಿನ ಉಸ್ತುವಾರಿ ಹನ್ನೊಂದು ವರ್ಷ ನನ್ನದಾಗಿತ್ತು. ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ಗುಮಾಸ್ತಿಕೆ. ದಿನಕ್ಕೆ ಎಂಟು ಸಲ ಗಾಳಿಯ ವೇಗ ನೋಡುವುದು, ದಾಖಲೆ ಪುಸ್ತಕದಲ್ಲಿ ಬರೆಯುವುದು. ಹಳೆಯ ಪುಟಗಳನ್ನು ತಿರುವುತ್ತಿದ್ದಾಗ ಒಮ್ಮೆ ಒಂದೇ ದಿನದ ಎರಡು ಸಾಲುಗಳು ಕಣ್ಣಿಗೆ ಬಿದ್ದವು. ಬೆಳಗಿನ ಐದೂವರೆಗೆ ಸೆಕೆಂಡಿಗೆ 2.1 ಮೀಟರ್. ಮಧ್ಯಾಹ್ನ ಹನ್ನೆರಡಕ್ಕೂ 2.1. ಆ ದಿನ ನನಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಸ್ವಲ್ಪ ದೂರದಲ್ಲಿ ಒಣಹುಲ್ಲಿನ ರಾಶಿಯೊಂದು ಹೊಗೆಯಾಡುತ್ತಿತ್ತು. ಬೆಳಿಗ್ಗೆ ಆ ಹೊಗೆ ಮಂಡಿಯೆತ್ತರದಲ್ಲಿ ದುಪ್ಪಟಿ ಹಾಸಿದಂತೆ ಮಲಗಿತ್ತು. ಮಧ್ಯಾಹ್ನ ಅದೇ ಹೊಗೆ ಏರಿ, ಬಿದ್ದು, ಲಾಗ ಹಾಕುತ್ತ ಹೋಗುತ್ತಿತ್ತು. ನನ್ನ ಪುಸ್ತಕದಲ್ಲಿ ಮಾತ್ರ ಎರಡೂ ಒಂದೇ ಗಾಳಿ!

ಸರಾಸರಿ ವೇಗ ಹೇಳುವುದು ಗಾಳಿ ಎತ್ತ ಹೊರಟಿದೆ, ಎಷ್ಟು ಆತುರದಲ್ಲಿದೆ ಎಂಬುದನ್ನು ಮಾತ್ರ. ಅದು ಕೆಳಗಿನದನ್ನು ಮೇಲಕ್ಕೂ ಮೇಲಿನದನ್ನು ಕೆಳಕ್ಕೂ ಎಷ್ಟು ಕಲಕುತ್ತಿದೆ ಎಂದು ತಿಳಿಯಬೇಕಾದರೆ ಏರಿಳಿತವನ್ನು ನೋಡಬೇಕು. ಆ ಕಲಕುವಿಕೆಗೇ ಪ್ರಕ್ಷುಬ್ಧತೆ ಎಂಬ ಗಂಭೀರ ಹೆಸರು. ನೆಲದ ಬಿಸಿ, ತಂಪು, ಉಬ್ಬುತಗ್ಗುಗಳ ಸುದ್ದಿ ಸುಮಾರು ಒಂದು ಗಂಟೆಯೊಳಗೆ ತಲುಪುವಷ್ಟು ಎತ್ತರದ ಗಾಳಿಯನ್ನು ಗಡಿ ಪದರ ಎನ್ನುತ್ತಾರೆ. ಬಿಸಿಲಿನ ದಿನ ಅದು ಒಂದೆರಡು ಕಿಲೋಮೀಟರ್ ದಪ್ಪವಿರುತ್ತದೆ. ತಿಳಿಯಾದ ರಾತ್ರಿಯಲ್ಲಿ ಒಂದೆರಡು ನೂರು ಮೀಟರಿಗೆ, ಕೆಲವೊಮ್ಮೆ ಹತ್ತಾರು ಮೀಟರಿಗೇ ಕುಗ್ಗುತ್ತದೆ. ಅದರ ತಳದಲ್ಲೇ ನಾವು ನಡೆದಾಡುತ್ತೇವೆ. ಆದ್ದರಿಂದ ಅದನ್ನು ನೋಡಲು ಟವರ್ ಬೇಕಿಲ್ಲ.

ಬೇಕಾದದ್ದು ಇಷ್ಟು: ಎರಡು ಮೀಟರ್ ಉದ್ದದ ಒಂದು ಕೋಲು, ಹೊಲಿಗೆಯ ದಾರ, 0.1 ಡಿಗ್ರಿ ತೋರಿಸುವ ಎರಡು ಡಿಜಿಟಲ್ ಉಷ್ಣಮಾಪಕ, ಊದುಬತ್ತಿ, ಸೋಪಿನ ಗುಳ್ಳೆ ಊದುವ ಕೊಳವೆ, ಟಾರ್ಚ್, ದುರ್ಬೀನು, ಗಡಿಯಾರ, ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ, ಬೆಳಗಿನ ಇಬ್ಬನಿಯಲ್ಲಿ ಅದು ಬರೆಯುವುದಿಲ್ಲ. ದಾರವನ್ನು ಒಂದೊಂದು ಗೇಣಿನಷ್ಟು ಉದ್ದಕ್ಕೆ ಕತ್ತರಿಸಿ ಕೋಲಿನ ಮೇಲೆ 10 ಸೆಂಟಿಮೀಟರ್, ಅರ್ಧ ಮೀಟರ್, ಒಂದು ಮೀಟರ್, ಎರಡು ಮೀಟರ್ ಎತ್ತರಗಳಲ್ಲಿ ಕಟ್ಟಿ. ಉಷ್ಣಮಾಪಕಗಳು ಅರ್ಧ ಮೀಟರಿಗೆ ಒಂದು, ಎರಡು ಮೀಟರಿಗೆ ಒಂದು. ಎರಡಕ್ಕೂ ಬಿಳಿ ಕಾಗದದ ಕೊಳವೆಯ ನೆರಳು ಬೇಕು, ಕೊಳವೆಯ ಎರಡೂ ತುದಿ ತೆರೆದಿರಬೇಕು. ಬಿಸಿಲು ನೇರವಾಗಿ ಬಿದ್ದ ಉಷ್ಣಮಾಪಕ ಗಾಳಿಯ ಉಷ್ಣಾಂಶ ತೋರಿಸುವುದಿಲ್ಲ, ತನ್ನದನ್ನೇ ತೋರಿಸುತ್ತದೆ.

ಒಂದು ಕೆಲಸವನ್ನು ಮಾತ್ರ ತಪ್ಪಿಸಬೇಡಿ. ಹಿಂದಿನ ದಿನವೇ ಎರಡು ಉಷ್ಣಮಾಪಕಗಳನ್ನು ನೆರಳಿನಲ್ಲಿ ಅಕ್ಕಪಕ್ಕ ಅರ್ಧ ಗಂಟೆ ಇಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಬರೆದುಕೊಳ್ಳಿ. ನಾನು ಇದನ್ನು ಮಾಡದೆ ಒಂದಿಡೀ ವಾರ ‘ಕೆಳಗಿಗಿಂತ ಮೇಲೆ 0.8 ಡಿಗ್ರಿ ಬಿಸಿ’ ಎಂದು ಸಂಭ್ರಮಿಸಿದ್ದೆ. ಮೋಡ ಮುಚ್ಚಿ ಜೋರು ಗಾಳಿ ಬೀಸಿದ ದಿನವೂ ಅದೇ 0.8 ಬಂದಾಗ ಬುದ್ಧಿ ಬಂತು. ಒಂದನ್ನೊಂದು ನಂಬದ ಎರಡು ಉಪಕರಣಗಳ ಜಗಳವನ್ನು ನಾನು ವಾತಾವರಣದ ಗುಣವೆಂದು ದಾಖಲಿಸಿದ್ದೆ.

ಜಾಗದ ವಿಷಯದಲ್ಲಿ ಹಟ ಇರಲಿ. ಬಯಲು, ಆದಷ್ಟು ಸಮತಟ್ಟು. ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಕನಿಷ್ಠ ಹತ್ತು ಪಟ್ಟು ದೂರ ನಿಲ್ಲಿ. ಹವಾಮಾನ ಕೇಂದ್ರಗಳೂ 10 ಮೀಟರ್ ಎತ್ತರದಲ್ಲಿ ಗಾಳಿ ಅಳೆಯುವಾಗ ಇದೇ ಅಂತರವನ್ನು ಪಾಲಿಸುತ್ತವೆ. ಇಲ್ಲವಾದರೆ ನೀವು ಓದುವುದು ಆ ಗೋಡೆಯ ಹಿಂದೆ ಏಳುವ ಸುಳಿಯನ್ನೇ ಹೊರತು ನೆಲದ ಮೇಲಿನ ಗಾಳಿಯನ್ನಲ್ಲ. ನೀವೂ ಒಂದು ಅಡ್ಡಿಯೇ. ಕೋಲಿನಿಂದ ನಾಲ್ಕೈದು ಹೆಜ್ಜೆ ದೂರ, ಗಾಳಿ ಹೋಗುವ ಕಡೆಗೆ ಕುಳಿತುಕೊಳ್ಳಿ.

ಸೂರ್ಯೋದಯಕ್ಕೆ ಒಂದು ಗಂಟೆ ಮೊದಲು

ಮೋಡವಿಲ್ಲದ, ಗಾಳಿ ಕಡಿಮೆಯಿರುವ ದಿನ ಆರಿಸಿ. ಕತ್ತಲಿರುವಾಗಲೇ ಹೋಗಿ. ಇದು ಸೋಮಾರಿಗಳ ವಿದ್ಯೆಯಲ್ಲ ಎಂದು ಹೇಳಿಬಿಡುತ್ತೇನೆ.

ಊದುಬತ್ತಿ ಹಚ್ಚಿ ನೆಲಕ್ಕೆ ಚುಚ್ಚಿ, ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಡಿ. ಹೊಗೆ ಒಂದು ಗೇಣಿನಷ್ಟು ನೂಲಿನಂತೆ ನೇರ ಏರಿ, ಆಮೇಲೆ ನಡುಗಿ, ಸುರುಳಿಯಾಗಿ ಒಡೆಯುತ್ತದೆ. ಹೊಸಬರೆಲ್ಲ ಇಲ್ಲಿ ‘ಅಗೋ ಪ್ರಕ್ಷುಬ್ಧತೆ’ ಎನ್ನುತ್ತಾರೆ. ಅದು ನಿಜ, ಆದರೆ ಊದುಬತ್ತಿಯದು. ಅದರ ಬಿಸಿಗೆ ಏರಿದ ಹೊಗೆ ತನ್ನ ವೇಗದಿಂದಲೇ ನಯ ಕಳೆದುಕೊಂಡಿದೆ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು ತೋರಿಸಿದ್ದು ಇದನ್ನೇ: ವೇಗ ಒಂದು ಮಿತಿ ದಾಟಿದೊಡನೆ ನೇರ ಎಳೆ ಕಲಕಿ ಹೋಗುತ್ತದೆ. ಆ ಮಿತಿಯನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ ಕೊಳವೆಯಲ್ಲಿ ಸುಮಾರು 2,000. ಹಗಲಿನ ಗಡಿ ಪದರದಲ್ಲಿ, ಸೆಕೆಂಡಿಗೆ 5 ಮೀಟರ್ ಗಾಳಿ, ಒಂದು ಕಿಲೋಮೀಟರ್ ದಪ್ಪ ಎಂದಿಟ್ಟುಕೊಂಡರೆ, ಅದು 30 ಕೋಟಿ ದಾಟುತ್ತದೆ. ಹಾಗಿರುವಾಗ ಕೇಳಬೇಕಾದ ಪ್ರಶ್ನೆ ಗಾಳಿ ಏಕೆ ಕಲಕುತ್ತದೆ ಎಂಬುದಲ್ಲ. ಇಷ್ಟೆಲ್ಲ ಇದ್ದೂ ರಾತ್ರಿ ಹೇಗೆ ಸುಮ್ಮನಾಗುತ್ತದೆ ಎಂಬುದು.

ಉತ್ತರ ನಿಮ್ಮ ಉಷ್ಣಮಾಪಕಗಳಲ್ಲಿದೆ. ಕೆಳಗಿನದು ಮೇಲಿನದಕ್ಕಿಂತ ತಂಪು ತೋರಿಸುತ್ತಿರಬೇಕು. ರಾತ್ರಿಯಿಡೀ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ತನಗೆ ತಗುಲಿದ ಗಾಳಿಯನ್ನೂ ತಣಿಸಿದೆ. ಪಠ್ಯಪುಸ್ತಕ ಇದನ್ನು ಉಷ್ಣಾಂಶದ ವಿಲೋಮ ಎನ್ನುತ್ತದೆ. ತಣ್ಣನೆಯ ಗಾಳಿ ಭಾರ. ಯಾವುದಾದರೂ ಸುಳಿ ಅದನ್ನು ಮೇಲೆತ್ತಿದರೆ ಅದು ಸುತ್ತಲಿನದಕ್ಕಿಂತ ಭಾರವಾಗಿ ಮತ್ತೆ ಕೆಳಗೆ ಬೀಳುತ್ತದೆ. ಸುಳಿಯ ಶಕ್ತಿಯೆಲ್ಲ ಈ ಎತ್ತುವ ಕೂಲಿಯಲ್ಲೇ ಮುಗಿದುಹೋಗುತ್ತದೆ. ಟೈಟಾನಿಕ್ ಮುಳುಗಿದ ಮರುವರ್ಷ, 1913ರಲ್ಲಿ, ಹಿಮಗಡ್ಡೆಗಳನ್ನು ಕಾಯಲು ಹೊರಟ ಸ್ಕೋಷಿಯಾ ಹಡಗಿನಿಂದ ಜೆಫ್ರಿ ಟೇಲರ್ ಗಾಳಿಪಟಗಳಿಗೆ ಉಪಕರಣ ಕಟ್ಟಿ ಹಾರಿಸಿದ. ತಣ್ಣನೆಯ ಕಡಲ ಮೇಲೆ ಬಂದ ಬೆಚ್ಚನೆಯ ಗಾಳಿ ಕೆಳಗಿನಿಂದ ಹೇಗೆ ತಣಿಯುತ್ತ ಹೋಗುತ್ತದೆ ಎಂದು ಅಳೆದ. ನೀವು ಎರಡು ಮೀಟರ್ ಕೋಲಿನಲ್ಲಿ ಮಾಡುತ್ತಿರುವುದೂ ಅದೇ ಕೆಲಸ.

ಈಗ ಪದರ ಪೂರ್ತಿ ಮಲಗಿದೆಯೋ, ಒಂದು ಕಣ್ಣು ತೆರೆದಿದೆಯೋ ಎಂದು ಲೆಕ್ಕ ಹಾಕಿ. ಅರ್ಧ ಮೀಟರ್ ಮತ್ತು ಎರಡು ಮೀಟರ್ ಎತ್ತರಗಳಲ್ಲಿ ಹೊಗೆಯ ಒಂದು ತುಣುಕು ಎರಡು ಮೀಟರ್ ದೂರ ಹೋಗಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಎಣಿಸಿ. ಮೇಲೆ 1.6 ಸೆಕೆಂಡ್, ಕೆಳಗೆ 8 ಸೆಕೆಂಡ್ ಎನ್ನೋಣ. ವೇಗ ಸೆಕೆಂಡಿಗೆ 1.25 ಮತ್ತು 0.25 ಮೀಟರ್, ವ್ಯತ್ಯಾಸ 1. ಉಷ್ಣಾಂಶದ ವ್ಯತ್ಯಾಸ 1.5 ಡಿಗ್ರಿ, ಎತ್ತರದ ವ್ಯತ್ಯಾಸ 1.5 ಮೀಟರ್. ಈ ಎರಡನ್ನೂ ಗುಣಿಸಿ, ಬಂದದ್ದನ್ನು 0.034ರಿಂದ ಗುಣಿಸಿ, ವೇಗದ ವ್ಯತ್ಯಾಸದ ವರ್ಗದಿಂದ ಭಾಗಿಸಿ: 0.08 ಸಿಗುತ್ತದೆ. (0.034 ಎಂಬುದು ಗುರುತ್ವದ 9.8ನ್ನು ಕೆಲ್ವಿನ್ ಲೆಕ್ಕದ ಉಷ್ಣಾಂಶ 290ರಿಂದ ಭಾಗಿಸಿದ್ದು.) 1920ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಕಟ್ಟಿಕೊಟ್ಟ ಲೆಕ್ಕ ಇದು. ಉತ್ತರ ಕಾಲಿಗಿಂತ, ಅಂದರೆ 0.25ಕ್ಕಿಂತ, ಕಡಿಮೆಯಿದ್ದರೆ ಗಾಳಿಯ ಪದರಗಳ ಉಜ್ಜಾಟ ಸುಳಿಗಳನ್ನು ಸಾಕಬಲ್ಲದು. ಕಾಲು ಎಂಬ ಗೆರೆಯನ್ನು 1961ರಲ್ಲಿ ಜಾನ್ ಮೈಲ್ಸ್ ಮತ್ತು ಲೂಯಿಸ್ ಹೊವರ್ಡ್ ಗಣಿತದಿಂದ ಗಟ್ಟಿಮಾಡಿದರು.

ಹದಿನೈದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಈ ಸಲ ಮೇಲೆ 3 ಸೆಕೆಂಡ್, ಕೆಳಗೆ ಏಳೂವರೆ. ವೇಗದ ವ್ಯತ್ಯಾಸ 0.4ಕ್ಕೆ ಇಳಿದಿದೆ. ಉಷ್ಣಮಾಪಕಗಳು ಮಾತ್ರ ಕದಲಿಲ್ಲ. ಈಗ ಅದೇ ಲೆಕ್ಕಕ್ಕೆ ಸುಮಾರು 0.48 ಬರುತ್ತದೆ. ಹೊಗೆಯನ್ನು ನೋಡಿ. ಆಗ ಅಂಚು ಕೆದರಿದ್ದ ಎಳೆ ಈಗ ಇಸ್ತ್ರಿ ಮಾಡಿದ ರಿಬ್ಬನ್ನಿನಂತೆ ಹರಿಯುತ್ತಿರುತ್ತದೆ. ನನಗೆ ಈ ವಿದ್ಯೆಯ ಮೇಲೆ ನಂಬಿಕೆ ಬಂದದ್ದು ಈ ರಿಬ್ಬನ್ ನೋಡಿದ ಬೆಳಿಗ್ಗೆ. ಸಮೀಕರಣ ಹೇಳಿದ ಮಾತನ್ನು ಕೇಳಿ ಹೊಗೆ ಸುಮ್ಮನಾದಂತೆ ಕಂಡಿತು.

ಪೂರ್ತಿ ನಿಶ್ಚಲವಾದ ರಾತ್ರಿಯನ್ನೂ ನಂಬಬೇಡಿ. ಹತ್ತಿಪ್ಪತ್ತು ನಿಮಿಷ ದಾರಗಳು ನೇಣು ಹಾಕಿಕೊಂಡಂತೆ ತೂಗುತ್ತಿರುತ್ತವೆ. ಆಮೇಲೆ ಎಲ್ಲೋ ಹುಲ್ಲು ಸರಿದಾಡಿದ ಸದ್ದು ಮೊದಲು ಕಿವಿಗೆ ಬೀಳುತ್ತದೆ, ಎರಡು ಮೀಟರಿನ ದಾರ ನಡುಗುತ್ತದೆ, ನಂತರ ಕೆಳಗಿನವು. ಕೆಳಗಿನ ಉಷ್ಣಮಾಪಕ ಅರ್ಧ ಡಿಗ್ರಿ ಏರುತ್ತದೆ. ಕತ್ತಲಲ್ಲಿ, ಸೂರ್ಯನಿಲ್ಲದೆ! ಮೇಲಿನ ಬೆಚ್ಚನೆಯ ಗಾಳಿಯನ್ನು ಯಾವುದೋ ಸುಳಿ ಕೆಳಗೆ ತಂದು ಸುರಿದಿದೆ. ಎರಡು ನಿಮಿಷದಲ್ಲಿ ಎಲ್ಲ ಮುಗಿದು ಮತ್ತೆ ಮೌನ. ಅಂಥ ಕ್ಷಣಗಳ ಸಮಯ ಬರೆದಿಡಿ. ರಾತ್ರಿಯ ಕೊಡುಕೊಳ್ಳುವಿಕೆ ಬಹುಪಾಲು ಈ ಎರಡೆರಡು ನಿಮಿಷಗಳಲ್ಲೇ ನಡೆಯುತ್ತದೆ.

ಬರಿ ಮಣ್ಣಿನ ಮೇಲೆ ಪ್ರಯೋಗ ಮಾಡುವವರಿಗೆ ಇನ್ನೊಂದು ಮಾತು. ಮೂರನೆಯ ಉಷ್ಣಮಾಪಕವಿದ್ದು, ಅದನ್ನು ನೆಲದಿಂದ ಒಂದು ಗೇಣು ಮೇಲಿಟ್ಟಾಗ ನೆಲಕ್ಕಿಂತ ಅಲ್ಲೇ ಹೆಚ್ಚು ತಂಪು ಕಂಡರೆ ಉಪಕರಣವನ್ನು ಬೈಯಬೇಡಿ. ತಿಳಿಯಾದ, ನಿಶ್ಚಲವಾದ ರಾತ್ರಿಗಳಲ್ಲಿ ಅತಿ ತಂಪು ನೆಲದಲ್ಲಿರದೆ ಹತ್ತಾರು ಸೆಂಟಿಮೀಟರ್ ಮೇಲಿರಬಹುದು ಎಂದು ಎಲ್. ಎ. ರಾಮದಾಸ್ 1932ರಲ್ಲೇ ಪ್ರಕಟಿಸಿದರು. ಬಹಳ ಕಾಲ ಯಾರೂ ನಂಬಲಿಲ್ಲ. ಇಂದು ಅದಕ್ಕೆ ರಾಮದಾಸ್ ಪದರ ಎಂದೇ ಹೆಸರು.

ಅದಲುಬದಲಾಗುವ ಗಳಿಗೆ

ಸೂರ್ಯ ಹುಟ್ಟಿದ ತಕ್ಷಣ ಏನೂ ಆಗುವುದಿಲ್ಲ. ಇಲ್ಲಿ ಹಲವರು ಎದ್ದು ಹೋಗಿಬಿಡುತ್ತಾರೆ. ಓರೆಯಾಗಿ ಬಿದ್ದ ಬಿಸಿಲು ಮೊದಲು ಇಬ್ಬನಿಯನ್ನು ಆರಿಸಬೇಕು, ರಾತ್ರಿ ಕಳೆದದ್ದನ್ನು ನೆಲಕ್ಕೆ ತುಂಬಿಕೊಡಬೇಕು. ಐದು ನಿಮಿಷಕ್ಕೊಮ್ಮೆ ಎರಡೂ ಉಷ್ಣಮಾಪಕ ಓದುತ್ತಿರಿ. ಕೆಳಗಿನದು ಮೇಲಿನದನ್ನು ಹಿಡಿಯಲು ಓಡುತ್ತದೆ, ಸಮವಾಗುತ್ತದೆ, ದಾಟುತ್ತದೆ. ಆ ದಾಟುವ ನಿಮಿಷ ಇಡೀ ದಿನದ ಕೀಲಿ.

ಅದೇ ಹೊತ್ತಿಗೆ ದುರ್ಬೀನಿನಲ್ಲಿ ದೂರದ ಒಂದು ಬೇಲಿ ಕಂಬವನ್ನು ನೋಡುತ್ತಿರಿ. ಬೆಳಕಿನ ದಾರಿಯಲ್ಲಿ ಬಿಸಿ-ತಂಪು ಗಾಳಿಯ ತುಣುಕುಗಳು ಬೆರೆಯುತ್ತಿದ್ದಾಗ ಕಂಬ ನೀರಿನಲ್ಲಿಟ್ಟಂತೆ ಅಲುಗುತ್ತದೆ. ಉಷ್ಣಾಂಶಗಳು ಸಮವಾಗುವ ಹೊತ್ತಿನಲ್ಲಿ ಬೆರೆಸಲು ವ್ಯತ್ಯಾಸವೇ ಇರುವುದಿಲ್ಲವಾದ್ದರಿಂದ ಅದು ಗೆರೆ ಕೊರೆದಂತೆ ನಿಲ್ಲುತ್ತದೆ. ಮತ್ತೆ ನೋಡನೋಡುತ್ತಿದ್ದಂತೆ ಕುಣಿಯಲು ತೊಡಗುತ್ತದೆ. ಇದು ಸಂಜೆ ಸೂರ್ಯಾಸ್ತಕ್ಕೆ ಮೊದಲು ಇನ್ನೊಮ್ಮೆ ಬರುತ್ತದೆ. ಉಷ್ಣಮಾಪಕವೇ ಇಲ್ಲದವರಿಗೆ ನಾನು ಹೇಳಿಕೊಡುವ ಉಪಾಯ ಇದು.

ಬಳಿಕ ನೆಲದಿಂದ ಮೇಲಕ್ಕೆ ಕಲಕಿದ ಪದರ ಬೆಳೆಯುತ್ತದೆ. ರಾತ್ರಿ ಎತ್ತರದಲ್ಲಿ ಯಾರಿಗೂ ತೊಂದರೆ ಕೊಡದೆ ತೇಲುತ್ತಿದ್ದ ಚಿಮಣಿಯ ಹೊಗೆಯನ್ನು ಈ ಬೆಳೆಯುವ ಪದರ ಮುಟ್ಟಿದೊಡನೆ ಅದೆಲ್ಲ ಕೆಳಗೆ ಇಳಿದುಬರುತ್ತದೆ. ಬೆಳಗಿನ ಎಂಟು ಒಂಬತ್ತರ ಸುಮಾರಿಗೆ ಇದ್ದಕ್ಕಿದ್ದಂತೆ ಸುಟ್ಟ ವಾಸನೆ ಬಂದು ಅರ್ಧ ಗಂಟೆಯಲ್ಲಿ ಮಾಯವಾಗಿದ್ದರೆ, ಹೊಸ ಬೆಂಕಿಯನ್ನು ಹುಡುಕುವ ಮೊದಲು ಇದನ್ನು ನೆನೆಯಿರಿ.

ಹತ್ತು ಗಂಟೆಯ ಗುಳ್ಳೆಗಳು

ಈಗ ಸೋಪಿನ ಗುಳ್ಳೆಗಳ ಸರದಿ. ನಿಂತ ಗಾಳಿಯಲ್ಲಿ ಗುಳ್ಳೆ ತಾನಾಗಿ ಮೆಲ್ಲಗೆ ಇಳಿಯುತ್ತದೆ. ಏರಿತೆಂದರೆ ಅದು ಗಾಳಿಯ ಕೆಲಸ. ಬೆಳಗಿನ ಜಾವದಲ್ಲಿ ಊದಿದ ಗುಳ್ಳೆಗಳು ಶಾಲೆಯ ಮಕ್ಕಳಂತೆ ಸಾಲಾಗಿ ಹೋಗಿ ಸಾಲಾಗಿ ನೆಲ ಸೇರುತ್ತವೆ. ಹತ್ತು ಗಂಟೆಗೆ ಒಂದೇ ಉಸಿರಿನಲ್ಲಿ ಹುಟ್ಟಿದ ಎರಡು ಗುಳ್ಳೆಗಳಲ್ಲಿ ಒಂದು ತಲೆಯ ಮೇಲೆ ಹಾರಿಹೋದರೆ ಇನ್ನೊಂದು ನಿಮ್ಮ ಕಾಲ ಬಳಿ ಒಡೆಯುತ್ತದೆ. ಜೋಡಿಯಾಗಿ ಹೊರಟವನ್ನೇ ಹಿಂಬಾಲಿಸಿ ನೋಡಿ. ಮೊದಲು ಒಂದಕ್ಕೊಂದು ಹತ್ತಿರವೇ ಅಲೆಯುತ್ತವೆ. ಒಮ್ಮೆ ಮಾರು ದೂರವಾದವೆಂದರೆ ಆಮೇಲೆ ಸರಸರನೆ ಅಗಲುತ್ತವೆ. ಅಂತರ ಹೆಚ್ಚಿದಷ್ಟೂ ಅವುಗಳ ನಡುವೆ ಹಿಡಿಸುವ ದೊಡ್ಡ ಸುಳಿಗಳು ಎಳೆದಾಟಕ್ಕೆ ಸೇರಿಕೊಳ್ಳುತ್ತವೆ. ರಿಚರ್ಡ್‌ಸನ್ ಇದನ್ನು 1926ರಲ್ಲಿ ನಿಯಮವಾಗಿ ಬರೆದ. ಇಳಿವಯಸ್ಸಿನಲ್ಲಿ ಹೆನ್ರಿ ಸ್ಟೊಮೆಲ್ ಜೊತೆಗೂಡಿ ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಪಾರ್ಸ್ನಿಪ್ ಗೆಡ್ಡೆಯ ಚೂರುಗಳನ್ನು ಜೋಡಿ ಜೋಡಿಯಾಗಿ ನೀರಿಗೆಸೆದು, ಅವು ಅಗಲುವ ವೇಗವನ್ನು ಅಳೆದ. 1948ರಲ್ಲಿ ಅದು ಸಂಶೋಧನಾ ಲೇಖನವಾಗಿ ಅಚ್ಚಾಯಿತು. ಸೋಪಿನ ಗುಳ್ಳೆ ಹಿಡಿದು ಬಯಲಿನಲ್ಲಿ ನಿಂತವರನ್ನು ನೋಡಿ ಯಾರಾದರೂ ನಕ್ಕರೆ ಈ ಕತೆ ಹೇಳಿ.

ಇನ್ನು ಗುಳ್ಳೆ ಬಿಟ್ಟು ಸುಮ್ಮನೆ ಕುಳಿತುಕೊಳ್ಳಿ. ಮುಖಕ್ಕೆ ಸ್ವಲ್ಪ ನೀರು ಹಚ್ಚಿಕೊಂಡರೆ ಕೆನ್ನೆಯೇ ಒಳ್ಳೆಯ ಉಪಕರಣ. ಗಾಳಿ ಸಡಿಲವಾಗುತ್ತದೆ. ಒಂದು ನಿಮಿಷದಷ್ಟು ಕಾಲ ಸೆಕೆ ಮೆಲ್ಲಗೆ ಏರುತ್ತ ಹೋಗುತ್ತದೆ, ದಾರಗಳ ತುದಿ ಮೇಲಕ್ಕೆ ಬಾಗುತ್ತದೆ. ಇನ್ನೇನು ತಡೆಯಲಾಗದು ಎನ್ನುವಾಗ ತಣ್ಣನೆಯ ಗಾಳಿಯೊಂದು ರಪ್ಪೆಂದು ಬಡಿಯುತ್ತದೆ, ದಾರಗಳೆಲ್ಲ ಅಡ್ಡ ಬೀಳುತ್ತವೆ. ಮತ್ತೆ ಸಡಿಲ, ಮತ್ತೆ ಸೆಕೆ. ಸೂಕ್ಷ್ಮ ಉಷ್ಣಮಾಪಕದ ದಾಖಲೆಯಲ್ಲಿ ಇದು ಗರಗಸದ ಹಲ್ಲಿನಂತೆ ಕಾಣುತ್ತದೆ: ಓರೆಯಾಗಿ ಏರು, ಕಡಿದಾಗಿ ಇಳಿ. ನೆಲದ ಬಿಸಿಗೆ ಹಗುರಾದ ಗಾಳಿ ಗುಂಪುಗೂಡಿ ಮೇಲೇಳುವುದು, ಅದರ ಜಾಗಕ್ಕೆ ಮೇಲಿನ ತಂಪು ಗಾಳಿ ನುಗ್ಗುವುದು, ಇಷ್ಟೇ. ‘ಗಾಳಿ ಬಂದಾಗ ತೂರಿಕೋ’ ಎಂದವರಿಗೆ ಗಾಳಿ ಕಂತು ಕಂತಾಗಿ ಬರುತ್ತದೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು.

ಮೇಲೇಳುವ ಗಾಳಿಯ ಕಂಬಗಳು ಕಿರಿದು, ಬಿರುಸು. ಇಳಿಯುವ ಗಾಳಿ ಅಗಲ, ನಿಧಾನ. ಗರುಡ ರೆಕ್ಕೆ ಬಡಿಯದೆ ಒಂದೇ ಕಡೆ ಸುತ್ತುವುದು ಆ ಕಿರಿದಾದ ಕಂಬವನ್ನು ಬಿಟ್ಟು ಹೋಗಬಾರದೆಂದು. ಬಯಲಿನ ಹೆಚ್ಚು ಭಾಗದ ಮೇಲೆ ಹೆಚ್ಚು ಹೊತ್ತು ಇಳಿಯುವ ಗಾಳಿಯೇ ಇರುವುದರಿಂದ, ಎತ್ತರದ ಚಿಮಣಿಯಿಂದ ಬಂದ ಹೊಗೆಯ ನಡುಗೆರೆ ಹಗಲಿನಲ್ಲಿ ಮೊದಲು ನೆಲದ ಕಡೆಗೇ ಬಾಗುತ್ತದೆ. ನನಗಂತೂ ಇದು ಬಹಳ ದಿನ ಜೀರ್ಣವಾಗಲಿಲ್ಲ.

ಕಲಕಿದ ಪದರ ಎಷ್ಟು ಎತ್ತರಕ್ಕೆ ಬೆಳೆದಿದೆ ಎಂದು ನೆಲದಿಂದಲೇ ಅಂದಾಜಿಸಬಹುದು. ಹತ್ತಿಯ ಉಂಡೆಯಂಥ ಮೋಡಗಳು ಮೂಡಿ ಎಲ್ಲದರ ತಳ ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿದ್ದರೆ, ಗಾಳಿಯ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶವನ್ನು) ಕಳೆದು 125ರಿಂದ ಗುಣಿಸಿ. 30 ಮತ್ತು 18 ಡಿಗ್ರಿ ಇದ್ದರೆ ತಳ ಸುಮಾರು 1,500 ಮೀಟರ್. ನಿಮ್ಮ ಕಾಲ ಬಳಿಯ ಸೆಕೆ ಅಲ್ಲಿಯವರೆಗೆ ಹೋಗಿ ಮೋಡವಾಗಿದೆ.

ಸೊನ್ನೆಯೊಳಗಿನ ಸಾಗಣೆ

ಲೆಕ್ಕ ಬೇಡವೆನ್ನುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಇಲ್ಲಿದೆ.

ಲಂಬವಾಗಿ ಗಾಳಿಯ ವೇಗವನ್ನೂ ಅದೇ ಕ್ಷಣದ ಉಷ್ಣಾಂಶವನ್ನೂ ಆರು ಸಲ ಅಳೆದಿರಿ ಎನ್ನಿ. ವೇಗಗಳು, ಮೇಲಕ್ಕೆ ಕೂಡು, ಕೆಳಕ್ಕೆ ಕಳೆ ಎಂಬಂತೆ: +0.6, −0.3, +0.4, −0.5, +0.1, −0.3. ಕೂಡಿದರೆ ಸೊನ್ನೆ. ಎಷ್ಟು ಗಾಳಿ ಏರಿತೋ ಅಷ್ಟೇ ಇಳಿಯಿತು. ಉಷ್ಣಾಂಶಗಳು 30.8, 30.1, 30.6, 29.9, 30.3, 30.1. ಸರಾಸರಿ 30.3. ಒಂದೊಂದರಿಂದಲೂ ಸರಾಸರಿಯನ್ನು ಕಳೆಯಿರಿ: +0.5, −0.2, +0.3, −0.4, 0, −0.2. ಈಗ ಜೊತೆ ಜೊತೆಯಾಗಿ ಗುಣಿಸಿ ಕೂಡಿಸಿ, ಆರರಿಂದ ಭಾಗಿಸಿ. 0.123 ಬರುತ್ತದೆ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1,200 ಜೂಲ್ ಬೇಕು. ಅದರಿಂದ ಗುಣಿಸಿದರೆ ಚದರ ಮೀಟರಿಗೆ ಹತ್ತಿರ ಹತ್ತಿರ 150 ವಾಟ್. ಗಾಳಿ ಎಲ್ಲಿಗೂ ಹೋಗಲಿಲ್ಲ, ಶಾಖ ಹೋಯಿತು!

ಇರುವೆ ಸಾಲನ್ನು ನೆನಪಿಸಿಕೊಳ್ಳಿ. ಹೋಗುವವೂ ಬರುವವೂ ಸಮಸಮ. ಕಾಳು ಮಾತ್ರ ಒಂದೇ ದಿಕ್ಕಿಗೆ. ಇಲ್ಲಿಯೂ ಏರುವ ಗಾಳಿ ಹೊರೆ ಹೊತ್ತು ಏರುತ್ತದೆ, ಇಳಿಯುವುದು ಬರಿಗೈಯಲ್ಲಿ ಇಳಿಯುತ್ತದೆ. ಉಷ್ಣಾಂಶದ ಬದಲು ನೀರಾವಿಯನ್ನೋ ಇಂಗಾಲದ ಡೈಆಕ್ಸೈಡನ್ನೋ ಅಳೆದರೆ ಅವುಗಳ ಸಾಗಣೆ ಸಿಗುತ್ತದೆ. ಸರಾಸರಿಯನ್ನು ಬೇರೆ, ಅದರಿಂದಾಚೆಯ ಏರಿಳಿತವನ್ನು ಬೇರೆ ಮಾಡಿ ಬರೆಯುವ ಈ ಜಾಣತನ ರೆನಾಲ್ಡ್ಸ್‌ನದೇ, 1895ರದು.

ಇದನ್ನು ನಿಜವಾಗಿ ಅಳೆಯುವುದು ಸಾನಿಕ್ ಅನಿಮೋಮೀಟರ್. ಹತ್ತು ಹದಿನೈದು ಸೆಂಟಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತ ಮೂರು ಜೋಡಿ ಗುಬುಟುಗಳು ಒಂದಕ್ಕೊಂದು ಶಬ್ದ ಕಳಿಸುತ್ತವೆ. ಹತ್ತು ಸೆಂಟಿಮೀಟರ್ ದಾಟಲು ಶಬ್ದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ ಸುಮಾರು 294 ಭಾಗ ಬೇಕು. ಸೆಕೆಂಡಿಗೆ ಒಂದು ಮೀಟರ್ ಗಾಳಿ ಬೆನ್ನಿಗಿದ್ದರೆ ಅದರಲ್ಲಿ ಒಂದು ಭಾಗವೂ ಪೂರ್ತಿ ಉಳಿತಾಯವಾಗುವುದಿಲ್ಲ. ಆ ಚೂರನ್ನು ಅದು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಅಳೆಯುತ್ತದೆ. ಶಬ್ದದ ವೇಗ ಉಷ್ಣಾಂಶವನ್ನು ಅವಲಂಬಿಸಿರುವುದರಿಂದ ಅದನ್ನೂ ತಿಳಿಸುತ್ತದೆ.

ಇಂಥ ಉಪಕರಣ ನಿಮ್ಮ ಕೈಗೆ ಸಿಕ್ಕರೆ ಮೂರು ಮಾತು. ಮೊದಲು, ಮಟ್ಟ ನೋಡಿ. ಒಂದು ಡಿಗ್ರಿ ವಾಲಿದರೆ ಸೆಕೆಂಡಿಗೆ 5 ಮೀಟರಿನ ಅಡ್ಡ ಗಾಳಿ ಸುಮಾರು 9 ಸೆಂಟಿಮೀಟರಿನ ಸುಳ್ಳು ಲಂಬ ಗಾಳಿಯಾಗಿ ನುಸುಳುತ್ತದೆ. ನಿಮಗೆ ಬೇಕಾದ ಸರಾಸರಿ ಸೊನ್ನೆಯಾಗಿರುವಾಗ ಇದು ಚಿಕ್ಕ ತಪ್ಪಲ್ಲ. ಎರಡನೆಯದು, ಅರ್ಧ ಗಂಟೆಯ ಸರಾಸರಿ ತೆಗೆಯಿರಿ. ಒಂದು ಕಿಲೋಮೀಟರ್ ಎತ್ತರದ ಪದರವನ್ನು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಏರುವ ಕಂಬ ದಾಟಲು ಹನ್ನೊಂದು ನಿಮಿಷ ಬೇಕು. ಐದು ನಿಮಿಷದ ಲೆಕ್ಕದಲ್ಲಿ ಅಂಥ ಕಂಬ ಅರ್ಧಕ್ಕೇ ತುಂಡಾಗುತ್ತದೆ. ಮೂರನೆಯದು, ಜೇಡ. ನನ್ನ ಟವರಿನಲ್ಲಿ ಒಂದು ವಾರ ರಾತ್ರಿ ಮಾತ್ರ ಅಂಕಿಗಳು ಹುಚ್ಚೆದ್ದವು. ತಂತಿ ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ. ಕೊನೆಗೆ ಬೆಳಗಿನ ಜಾವ ಏಣಿ ಹತ್ತಿ ನೋಡಿದರೆ ಗುಬುಟುಗಳ ನಡುವೆ ಬಲೆ, ಬಲೆಯ ಮೇಲೆ ಮುತ್ತು ಪೋಣಿಸಿದಂತೆ ಇಬ್ಬನಿ. ಬಿಸಿಲೇರಿದಾಗ ಹನಿ ಆರಿ ಎಲ್ಲ ಸರಿಯಾಗುತ್ತಿತ್ತು.

ಉಪಕರಣವಿಲ್ಲದವರಿಗೂ ಒಂದು ಅಳತೆ ಉಚಿತ. ದಾರ ಒಮ್ಮೆ ಅಡ್ಡ ಬಿದ್ದು ಏಳುವವರೆಗಿನ ಸೆಕೆಂಡುಗಳನ್ನು ಗಾಳಿಯ ವೇಗದಿಂದ ಗುಣಿಸಿ. ಇಪ್ಪತ್ತು ಸೆಕೆಂಡ್, ನಾಲ್ಕು ಮೀಟರ್ ವೇಗ ಎಂದರೆ ಸುಮಾರು 80 ಮೀಟರಿನ ಸುಳಿ ನಿಮ್ಮನ್ನು ದಾಟಿತು. ಸುಳಿ ದಾಟುವಷ್ಟು ಹೊತ್ತು ಅದು ಹೆಪ್ಪುಗಟ್ಟಿದೆ ಎಂದುಕೊಳ್ಳುವ ಈ ಉಪಾಯವೂ ಟೇಲರ್‌ನದೇ, 1938ರದು. ಆ 80 ಮೀಟರಿನದು ಒಡೆದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕೊನೆಗೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಗಾಳಿಯ ಸ್ನಿಗ್ಧತೆಗೆ, ಅಂದರೆ ಒಳ ಉಜ್ಜಾಟಕ್ಕೆ, ಸಿಕ್ಕಿ ಶಾಖವಾಗಿ ಅಳಿಯುತ್ತದೆ. ಆ ಮೆಟ್ಟಿಲುಗಳ ಲೆಕ್ಕವನ್ನು ಆಂಡ್ರೇ ಕೊಲ್ಮೊಗೊರೊವ್ 1941ರಲ್ಲಿ ಹಾಕಿಕೊಟ್ಟ.

ಮೋಡದ ದಿನ, ಸಂಜೆ

ಮೋಡ ಕವಿದು ಗಾಳಿ ಜೋರಾಗಿರುವ ದಿನವೂ ಒಮ್ಮೆ ಹೋಗಿ. ಉಷ್ಣಮಾಪಕಗಳೆರಡೂ ಒಂದೇ ತೋರಿಸುತ್ತವೆ, ನೋಡಲು ಏನೂ ಇರುವುದಿಲ್ಲ. ಆದರೆ ಎತ್ತರಕ್ಕೆ ತಕ್ಕಂತೆ ಗಾಳಿ ಹೆಚ್ಚುವ ಲಾಗರಿದಮ್ ಸೂತ್ರ ಯಾವ ತಿದ್ದುಪಡಿಯೂ ಇಲ್ಲದೆ ನಿಲ್ಲುವುದು ಇಂಥ ದಿನ ಮಾತ್ರ. ನೆಲದ ಒರಟುತನ (ಆ ಸೂತ್ರದಲ್ಲಿ ಗಾಳಿಯ ವೇಗ ಸೊನ್ನೆಯಾಗುವ ಎತ್ತರ) 3 ಸೆಂಟಿಮೀಟರ್ ಎಂದು ಹಿಡಿದರೆ, ಎರಡು ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 3 ಮೀಟರ್ ಇದ್ದ ಗಾಳಿ ಹತ್ತು ಮೀಟರಿನಲ್ಲಿ ಸುಮಾರು 4.1 ಇರುತ್ತದೆ. ಬಿಸಿಲಿನ ದಿನಕ್ಕೂ ರಾತ್ರಿಗೂ ಬೇಕಾದ ತಿದ್ದುಪಡಿಯನ್ನು ಮೊನಿನ್ ಮತ್ತು ಒಬುಖೊವ್ 1954ರಲ್ಲಿ ಕೊಟ್ಟರು.

ಸಂಜೆ ಬೆಳಗಿನಷ್ಟು ಚೊಕ್ಕವಲ್ಲ. ಸೂರ್ಯ ಮುಳುಗುವ ಮೊದಲೇ ನೆಲ ಕೈಚೆಲ್ಲುತ್ತದೆ, ದಾರಗಳು ಒಂದೊಂದಾಗಿ ಕೆಳಗಿನಿಂದ ಸೋಲುತ್ತವೆ. ನೂರಿನ್ನೂರು ಮೀಟರ್ ಮೇಲೆ ಮಾತ್ರ, ನೆಲದ ಹಿಡಿತ ತಪ್ಪಿದ ಗಾಳಿ ರಾತ್ರಿಯಲ್ಲಿ ಇನ್ನಷ್ಟು ವೇಗ ಪಡೆಯುತ್ತದೆ. ಗಾಳಿಪಟ ಹಾರಿಸಿ ನೋಡುವ ಆಸೆಯಿದ್ದರೆ ವಿದ್ಯುತ್ ತಂತಿಯಿಂದಲೂ ಗುಡುಗಿನ ಮೋಡದಿಂದಲೂ ದೂರವಿರಿ.

ಮೊದಲ ದಿನ ಇಷ್ಟನ್ನೆಲ್ಲ ಮಾಡಲು ಹೋಗಬೇಡಿ. ಉಷ್ಣಮಾಪಕಗಳು ಅದಲುಬದಲಾದ ನಿಮಿಷವನ್ನು ಮಾತ್ರ ಹಿಡಿದು, ಪಕ್ಕದಲ್ಲಿ ಹೊಗೆ ಹೇಗಿತ್ತು ಎಂದು ಒಂದು ಗೆರೆ ಎಳೆದಿಡಿ. ನನಗೆ ಅದು ಸಿಕ್ಕಿದ್ದು ನಾಲ್ಕನೆಯ ಪ್ರಯತ್ನದಲ್ಲಿ. ಮೊದಲ ಸಲ ನಿದ್ದೆ ಬಂತು, ಎರಡನೆಯ ಸಲ ಮೋಡ ಬಂತು, ಮೂರನೆಯ ಸಲ ಬರೆಯದ ಪೆನ್ನನ್ನು ಕೊಡವುತ್ತ ಕುಳಿತಿದ್ದೆ. ನಾಲ್ಕನೆಯ ಸಲದ ಪುಟದಲ್ಲಿ 7 ಗಂಟೆ 12 ನಿಮಿಷ ಎಂದಿದೆ, ಕೆಳಗೆ ಪೆನ್ಸಿಲಿನಲ್ಲಿ ಸುರುಳಿ ಬಿಚ್ಚಿದ ಒಂದು ಗೆರೆ.